ಹುಳ ಬಾರದ ಹೂಕೋಸು

ಮನೆಗೆ ಹೂಕೋಸು ಬಂದ ದಿನ ಅಮ್ಮ ಅಗಲವಾದ ಪಾತ್ರೆಯೊಂದನ್ನು ಅದಕ್ಕೆಂದೇ ತೆಗೆದಿಡುತ್ತಿದ್ದಳು. ಉಗುರುಬೆಚ್ಚಗಿನ ನೀರು, ಅದಕ್ಕೆ ಚೂರು ಕಲ್ಲುಪ್ಪು. ಹೂವನ್ನು ಬೋರಲಾಗಿ ಮುಳುಗಿಸಿಟ್ಟು ಅವಳು ಬೇಳೆ ತೊಳೆದು ಒಲೆಗೇರಿಸುವಷ್ಟರಲ್ಲಿ ಹಸಿರು ಹುಳಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಅವನ್ನು ಎಲೆಯ ತುದಿಯಿಂದ ಮೇಲೆತ್ತಿ ಹಿತ್ತಲಿನ ಬಸಳೆ ಚಪ್ಪರದ ಬುಡಕ್ಕೆ ಬಿಟ್ಟು ಬರುವ ಕೆಲಸ ನನ್ನದು. "ಅದರ ಮನೇನ ನಾವು ಕಿತ್ಕೊಂಡಿದೀವಿ, ನಿಧಾನಕ್ಕೆ ಬಿಡು" ಎನ್ನುತ್ತಿದ್ದಳು. ಶಾಕಾಹಾರ ಎಂಬ ಮಾತಿಗೆ ಅರ್ಥವೇನೆಂದು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಆ ಪಾತ್ರೆಯ ಮುಂದೆಯೇ ಅದು ನನಗೆ ಬಂದದ್ದು.

ಈಗಲೂ ನಾನು ಹೂಕೋಸನ್ನು ಹಾಗೇ ನೆನೆಹಾಕುತ್ತೇನೆ. ಹುಳ ಬರುವುದಿಲ್ಲ. ಎಷ್ಟೋ ವರ್ಷಗಳಿಂದ ಒಂದೇ ಒಂದು ಹುಳ ಕಂಡ ನೆನಪಿಲ್ಲ. ಅಮ್ಮ ಹುಳ ತೆಗೆಯಲೆಂದು ನೆನೆಹಾಕುತ್ತಿದ್ದಳು. ನಾನು ಹುಳವನ್ನು ಕೊಂದದ್ದನ್ನು ತೊಳೆಯಲೆಂದು ನೆನೆಹಾಕುತ್ತಿದ್ದೇನೆ. ಒಂದು ಸಂಜೆ ಈ ಮಾತನ್ನು ಪಕ್ಕದ ಮನೆಯ ಹುಡುಗಿಗೆ ಹೇಳಿದೆ. ಹುಡುಗಿ ಎಂದರೆ ನನಗೆ ಹುಡುಗಿ, ಅವಳಿಗೂ ಈಗ ನಲವತ್ತರ ಹತ್ತಿರ. ಕನಕಪುರದ ಕಡೆಯ ಒಕ್ಕಲು ಮನೆತನದವಳು. ಮನೆಯಲ್ಲಿ ಹಬ್ಬ ಬಂತೆಂದರೆ ಬಾಡೂಟ. ಅಂಥ ಮನೆಯಲ್ಲಿ ಹುಟ್ಟಿ, ಇಪ್ಪತ್ತಾರನೆಯ ವಯಸ್ಸಿಗೆ ತಾನೇ ಯೋಚಿಸಿ ಮಾಂಸ ಬಿಟ್ಟವಳು. ನಾನು ಹೇಳಿದ್ದನ್ನು ಸುಮ್ಮನೆ ಕೇಳಿಸಿಕೊಂಡು, "ಅಕ್ಕಾ, ಬೆಳೆಯೋರನ್ನೇ ಹೋಗಿ ಕೇಳ್ಬಿಡೋಣ" ಅಂದಳು.

ಡಿಸೆಂಬರ್ ಕೊನೆಯಲ್ಲಿ ಅವಳ ಕಾರಿನಲ್ಲಿ ಹೊರಟೆವು. ಆರು ದಿನ. ಬೆಂಗಳೂರಿನಿಂದ ತಿಪಟೂರು, ಶಿವಮೊಗ್ಗ, ತೀರ್ಥಹಳ್ಳಿ ಹಾದು ಆಗುಂಬೆ ಇಳಿದು ಉಡುಪಿ. ಸಾವಯವ ಕೃಷಿಕರನ್ನು ನೋಡಬೇಕು, ದಾರಿಯಲ್ಲಿ ನಮ್ಮಂತೆ ಸಸ್ಯಾಹಾರಿಗಳಾದ ಒಂದಷ್ಟು ಮಂದಿಯ ಜೊತೆ ಕೂತು ಉಣ್ಣಬೇಕು, ಇಷ್ಟೇ ನಮ್ಮ ಯೋಜನೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯನ್ನು ನಾನು ಬಹಳ ಕಾಲದಿಂದ ಓದುತ್ತಿದ್ದೇನೆ. ಕೃಷಿಕರೇ ಲೇಖನಿ ಹಿಡಿದು ಬರೆಯುವ ಪತ್ರಿಕೆ ಅದು. ಮಣ್ಣಿನ ವಿಷಯವನ್ನು ಮಣ್ಣು ಮೆಟ್ಟಿದವರ ಬಾಯಲ್ಲೇ ಕೇಳಬೇಕೆಂಬ ಆಸೆ ನನಗೆ ಹುಟ್ಟಿದ್ದು ಅದರಿಂದ. ಮೊದಲು ದೊಡ್ಡಬಳ್ಳಾಪುರಕ್ಕೆ ಹೋಗುವ ಆಲೋಚನೆಯಿತ್ತು. ಜಪಾನಿನ ಕೃಷಿಕ ಫುಕುವೊಕಾರನ್ನು ಓದಿ ರಾಸಾಯನಿಕ ಬಿಟ್ಟು, ಊರೂರಿನ ರೈತರಿಗೆ ದಾರಿ ತೋರಿಸಿದ ಎಲ್. ನಾರಾಯಣ ರೆಡ್ಡಿಯವರ ತೋಟ ಅಲ್ಲಿತ್ತು. 2019ರ ಜನವರಿಯಲ್ಲಿ ಅವರು ತೀರಿಕೊಂಡರು. ಅವರಿಲ್ಲದ ತೋಟವನ್ನು ನೋಡಲು ಮನಸ್ಸಾಗದೆ ನೇರ ತುಮಕೂರಿನ ದಾರಿ ಹಿಡಿದೆವು.

ತಿಪಟೂರಿನ ಆಚೆ ಐದಾರು ಮೈಲಿ ದೂರದಲ್ಲಿತ್ತು ನಾವು ಹುಡುಕಿಕೊಂಡು ಹೋದ ತೋಟ. ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ. ಮೂರು ಎಕರೆ ತೆಂಗು, ಎರಡು ಎಕರೆ ರಾಗಿ ಹೊಲ. ಮನೆಯ ಅಟ್ಟದ ತುಂಬ ಕಾಯಿ. ಹತ್ತು ಹನ್ನೆರಡು ತಿಂಗಳು ಅಲ್ಲೇ ಕೂತು, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗಬೇಕು. ಆ ಮನೆಯಾತ ಒಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಟಗಟ ಎಂದಿತು. "ಇದು ಆಯ್ತು ಕಣಮ್ಮ, ಇನ್ನು ಮಂಡಿಗೆ ಹೋಗ್ಬೋದು" ಅಂದರು.

ರಾಗಿ ಕೊಯ್ಲು ಮುಗಿದು ಹುಲ್ಲು ಬಣವೆ ಸೇರಿತ್ತು. ಆದರೂ ಹೊಲ ಬರಿದಾಗಿರಲಿಲ್ಲ. ಎಂಟೋ ಹತ್ತೋ ಸಾಲು ರಾಗಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ ಇನ್ನೂ ಹಸಿರಾಗಿ ನಿಂತಿದ್ದವು. ಹೊಲದ ಸುತ್ತ ಹರಳು. ಜೋಳ, ಅಲಸಂದೆ, ಹುಚ್ಚೆಳ್ಳು ಆಗಲೇ ಮನೆ ಸೇರಿದ್ದವು. ನಾನು ಅಕ್ಕಡಿ ಎಂಬ ಮಾತನ್ನು ಬಾಲ್ಯದಲ್ಲಿ ಕೇಳಿದ್ದೆ, ಅದರ ಒಳಗಿನ ಲೆಕ್ಕ ಗೊತ್ತಿರಲಿಲ್ಲ. ಮಳೆ ಕೈಕೊಟ್ಟು ರಾಗಿ ಸೊರಗಿದರೆ ಬೇರು ಆಳಕ್ಕಿಳಿಯುವ ತೊಗರಿ ಮನೆ ನಡೆಸುತ್ತದೆ. ಅವರೆ, ಅಲಸಂದೆಯ ಬೇರಿನ ಗಂಟು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುತ್ತದೆ. ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತದೆ. ಜೋಳದ ತೆನೆಯ ಮೇಲೆ ಹಕ್ಕಿ ಬಂದು ಕೂರುತ್ತದೆ, ಕೂತ ಹಕ್ಕಿ ಅವರೆಯ ಹುಳವನ್ನೂ ಹೆಕ್ಕುತ್ತದೆ. "ನಾಕು ಕಾಳು ಹಕ್ಕಿ ತಿಂದ್ರೆ ತಿನ್ಲಿ ಬಿಡಿ, ಅದರ ಕೂಲಿ ಅದು" ಅಂದರು ಆತ. ಒಂದು ಹೊಲದಲ್ಲೇ ಮುದ್ದೆ, ಸಾರಿನ ಕಾಳು, ಚಟ್ನಿ, ಒಗ್ಗರಣೆಯ ಎಣ್ಣೆ, ದನದ ಮೇವು. ಸಸ್ಯಾಹಾರಿಯ ಊಟದ ಎಲೆಯನ್ನು ಇಷ್ಟು ಪೂರ್ತಿಯಾಗಿ ನೆಲದ ಮೇಲೆ ಬರೆದಿಟ್ಟದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ತೆಂಗಿನ ತೋಟದಲ್ಲಿ ನಡೆದರೆ ಹೆಜ್ಜೆಯ ಸದ್ದಾಗುತ್ತಿರಲಿಲ್ಲ. ಗರಿ, ಮಟ್ಟೆ, ಸಿಪ್ಪೆ ಎಲ್ಲ ಬಿದ್ದಲ್ಲೇ ಹೊದಿಕೆಯಾಗಿತ್ತು. ಆತ ಗುದ್ದಲಿಯ ಮೂಲೆಯಿಂದ ಹೊದಿಕೆ ಸರಿಸಿ ಒಂದು ಹೆಂಟೆ ಎತ್ತಿ ನನ್ನ ಕೈಗಿಟ್ಟರು. ಕಪ್ಪು ಮಣ್ಣು, ತಣ್ಣಗೆ. ಅಂಗೈಯಲ್ಲಿ ಪುಡಿಯಾಯಿತು. ಒಳಗಿಂದ ಒಂದು ಎರೆಹುಳು ಹೊರಬಂದು ನನ್ನ ಬೆರಳಿನ ಸಂದಿಯಲ್ಲಿ ಇಳಿಯಲು ದಾರಿ ಹುಡುಕಿತು. ಹಿತ್ತಲಿನ ಬಸಳೆ ಚಪ್ಪರ ಕಣ್ಣೆದುರು ಬಂದು ನನಗೆ ಮಾತು ಹೊರಡಲಿಲ್ಲ. ಹುಳುವನ್ನು ನಿಧಾನವಾಗಿ ಕೆಳಗೆ ಬಿಟ್ಟೆ. "ನೀವು ಉಣ್ಣೋಕೆ ಮುಂಚೆ ಇವಕ್ಕೆ ಉಣ್ಣಾಕಿಕ್ಕಬೇಕು. ಉಳಿದಿದ್ದೆಲ್ಲ ಇವೇ ನೋಡ್ಕೊತವೆ" ಎಂದರು ಆತ. ಉಣ್ಣಲಿಕ್ಕುವುದೆಂದರೆ ಜೀವಾಮೃತ. ಮರದ ನೆರಳಿನಲ್ಲಿ ಇನ್ನೂರು ಲೀಟರಿನ ಪೀಪಾಯಿ ಇತ್ತು. ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಬೆಳಿಗ್ಗೆ ಸಂಜೆ ಕೋಲಿನಲ್ಲಿ ತಿರುಗಿಸಿ ಎರಡು ದಿನ ಬಿಟ್ಟರೆ ಒಂದು ಎಕರೆಗೆ ಸಾಕು. ಸುಭಾಷ್ ಪಾಳೇಕರ್ ಹೇಳಿಕೊಟ್ಟ ಈ ಲೆಕ್ಕ ನಮ್ಮ ರೈತ ಸಂಘದವರ ಮೂಲಕ ಹಳ್ಳಿಹಳ್ಳಿಗೂ ಮುಟ್ಟಿದೆ. ಗೊಬ್ಬರದ ಚೀಲದಂತೆ ಗಿಡಕ್ಕೆ ನೇರವಾಗಿ ಏನನ್ನೋ ಕೊಡುವುದು ಇದರ ಕೆಲಸವಲ್ಲ. ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಬ್ಬಿಸಿ ಹೆಚ್ಚಿಸುವುದೇ ಇದರ ಉದ್ದೇಶ ಎಂದು ಅದನ್ನು ನಂಬಿದವರು ಹೇಳುತ್ತಾರೆ.

ಮಧ್ಯಾಹ್ನ ಮುದ್ದೆ, ಹಿತಕಿದ ಅವರೆಬೇಳೆ ಸಾರು, ಹುಚ್ಚೆಳ್ಳು ಚಟ್ನಿ. ಉಣ್ಣುತ್ತ ಕೂತಾಗ ಆ ತಾಯಿ ತಾವಾಗಿಯೇ ಹೇಳಿದರು: "ನಾವು ನಿಮ್ಮಂಗಲ್ಲ ಕಣಮ್ಮ, ಮಾರಿಹಬ್ಬಕ್ಕೆ ಕುಯ್ಯೋರೆ." ನಾವು ಬರುತ್ತೇವೆಂದು ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ಹುಣಸೆಹಣ್ಣು ಹಾಕಿ ಉಜ್ಜಿದ್ದರಂತೆ. ನನ್ನ ಗೆಳತಿ ಅವರ ಕೈ ಹಿಡಿದುಕೊಂಡಳು. ನನಗೆ ಆ ಹೊತ್ತಿನಲ್ಲಿ ಅನಿಸಿದ್ದನ್ನು ಬರೆಯಲೇಬೇಕು. ಐವತ್ತೆಂಟು ವರ್ಷ ನಾನು ಮಾಂಸ ಮುಟ್ಟಿಲ್ಲ. ಆದರೆ ನನ್ನ ಹೂಕೋಸಿಗಾಗಿ, ಬದನೆಗಾಗಿ, ದ್ರಾಕ್ಷಿಗಾಗಿ ಎಷ್ಟು ಜೀವ ಹೋಗಿದೆಯೋ ಲೆಕ್ಕವಿಟ್ಟಿಲ್ಲ. ವರ್ಷಕ್ಕೆರಡು ದಿನ ಬಾಡೂಟ ಉಣ್ಣುವ ಇವರು ಉಳಿದ ದಿನವೆಲ್ಲ ತಮ್ಮ ಐದು ಎಕರೆಯಲ್ಲಿ ಹುಳು, ಹಕ್ಕಿ, ಜೇನು ಸಾಯದಂತೆ ನೋಡಿಕೊಂಡಿದ್ದಾರೆ. ಇದರಿಂದ ನಾನು ನನ್ನ ಆಹಾರ ಬಿಡಬೇಕಾಗಿಲ್ಲ, ಅವರೂ ಬಿಡಬೇಕಾಗಿಲ್ಲ. ಆದರೆ ಅಹಿಂಸೆ ನನ್ನ ತಟ್ಟೆಯಲ್ಲಿ ಮಾತ್ರ ಇದೆ ಎಂದು ಇನ್ನು ನಾನು ತಿಳಿಯಲಾರೆ.

ಹೊರಡುವಾಗ ಕೊಟ್ಟಿಗೆ ತೋರಿಸಿದರು. ಎರಡು ನಾಟಿ ಹಸು, ಎರಡು ಗಂಡುಕರು. ಹಣೆ ಸವರುತ್ತ ನಿಂತಿದ್ದೆ. ಆ ತಾಯಿ ಕೇಳಿದರು: "ಹಾಲು ಮೊಸರು ತಿಂತೀರಲ್ವಾ ನೀವು? ಗಂಡುಕರ ಎಲ್ಲಿಗೋಗುತ್ತೆ ಅಂತ ಯಾವತ್ತಾದ್ರೂ ಕೇಳಿದೀರಾ?"

ಕೇಳಿರಲಿಲ್ಲ. ಅವರ ಮಾತಿನಲ್ಲಿ ಚುಚ್ಚುವ ದನಿ ಇರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು. ಊರಿಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಟ್ಟುವವರು ಕಡಿಮೆಯಾದರು. ಸೀಮೆಹಸುವಿನ ಗಂಡುಕರುವಿಗೆ ಹಿಣಿಲು ಎದ್ದು ನಿಲ್ಲುವುದಿಲ್ಲ, ನೊಗ ಕೂರುವುದಿಲ್ಲ, ಬಿಸಿಲು ತಡೆಯುವುದಿಲ್ಲ. ಹಾಲೂ ಇಲ್ಲ, ಉಳುಮೆಯೂ ಇಲ್ಲ ಎಂದಾದ ಮೇಲೆ ಅದನ್ನು ಸಾಕುವವರು ಯಾರು? ಹಾಲು ಡೈರಿಗೆ ಹೋಗುತ್ತದೆ, ಕರು ಸಂತೆಗೆ ಹೋಗುತ್ತದೆ. "ನಾವು ಮಾರಲಿಲ್ಲ. ಹಾಲು ಕೊಡದಿದ್ರೇನು, ಸಗಣಿ ಗಂಜಲ ಕೊಡಲ್ವಾ? ಈ ತೋಟಕ್ಕೆ ಅಷ್ಟು ಸಾಕು" ಅಂದರು.

ಅಲ್ಲಿಂದ ಶಿವಮೊಗ್ಗದವರೆಗೆ ಕಾರಿನಲ್ಲಿ ಮಾತು ಕಡಿಮೆ. ಬೀರೂರು ದಾಟುವಾಗ ಪಕ್ಕಕ್ಕೆ ಅಜ್ಜಂಪುರದ ದಾರಿ. ಅಮೃತಮಹಲ್ ತಳಿಯನ್ನು ಸರ್ಕಾರ ಈಗಲೂ ಅಲ್ಲಿ ಕಾಪಾಡಿಕೊಂಡು ಬರುತ್ತಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದರ ಹೆಸರು ಬೆಣ್ಣೆ ಚಾವಡಿ, ಟಿಪ್ಪು ಅದನ್ನು ಅಮೃತಮಹಲ್ ಎಂದು ಕರೆದ. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಆ ತಳಿ ಹೆಸರಾದದ್ದು ಎತ್ತುಗಳಿಂದ, ಫಿರಂಗಿಗಾಡಿ ಎಳೆದ ಅವುಗಳ ಕಸುವಿನಿಂದ. ಗಂಡುಕರು ಹುಟ್ಟಿದರೆ ಸಂತೋಷಪಡುವ ಕಾಲವೊಂದು ಈ ಕಾವಲುಗಳಲ್ಲಿ ಇತ್ತು. ತರೀಕೆರೆಯಲ್ಲಿ ಕಾಫಿಗೆ ನಿಂತಾಗ ಗೆಳತಿ, "ಅಕ್ಕಾ, ನೀವು ಮಾಂಸ ತಿನ್ನಲೇ ಇಲ್ಲ. ನಾನು ತಿಂದು ಬಿಟ್ಟೆ. ಎರಡೂ ಒಂದೇ ಅಲ್ಲ. ಬಿಡೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತು, ಅದಕ್ಕೇ ಹಾಲಿನ ವಿಷಯ ಯೋಚಿಸೋಕೆ ಭಯ" ಅಂದಳು. ನನ್ನ ಲೋಟದಲ್ಲಿ ಕಾಫಿ ಕೆನೆಗಟ್ಟಿತು.

ಶಿವಮೊಗ್ಗದಲ್ಲಿ ನಿವೃತ್ತ ಅಧ್ಯಾಪಕರೊಬ್ಬರ ಮನೆಯ ತಾರಸಿಯಲ್ಲಿ ರಾತ್ರಿ ಊಟಕ್ಕೆ ಒಂಬತ್ತು ಮಂದಿ ಸೇರಿದ್ದರು. ಹುಟ್ಟಿನಿಂದ ಬಂದವರು, ಕಟ್ಟಿಕೊಂಡವರು, ಕಾಯಿಲೆಯಾದ ಮೇಲೆ ಬಿಟ್ಟವರು. ಒಬ್ಬ ಜೈನ ಗೃಹಿಣಿ ಕತ್ತಲಾಗುವ ಮೊದಲೇ ಉಂಡು ಮುಗಿಸಿ ನಮಗೆ ಬಡಿಸಲು ನಿಂತರು. ಹಾಲು ಮೊಸರು ತುಪ್ಪ ಯಾವುದನ್ನೂ ಮುಟ್ಟದ ಎಂಜಿನಿಯರಿಂಗ್ ಹುಡುಗನೊಬ್ಬ ಕಡಲೆಕಾಯಿ ಅರೆದು ಮಾಡಿದ ಮಜ್ಜಿಗೆಹುಳಿ ತಂದಿದ್ದ, ಚೆನ್ನಾಗಿತ್ತು. ಗಂಡುಕರುವಿನ ಪ್ರಶ್ನೆ ಮುಂದಿಟ್ಟೆ. "ಆಂಟಿ, ನಾನು ಹಾಲು ಬಿಟ್ಟಿದ್ದೇ ಆ ಪ್ರಶ್ನೆಯಿಂದ" ಎಂದ. ಅಧ್ಯಾಪಕರು, ಹಾಲು ಬಿಟ್ಟರೆ ಹಸು ಸಾಕುವವರು ಯಾರು, ಹಸುವಿಲ್ಲದೆ ಗೊಬ್ಬರ ಎಲ್ಲಿಂದ ಎಂದು ಕೇಳಿದರು. ಹುಡುಗನ ಬಳಿ ಅದಕ್ಕೂ ಉತ್ತರವಿತ್ತು: ಸೆಣಬು ಬಿತ್ತಿ ಹೂ ಬರುವ ಮೊದಲು ಉತ್ತು ಸೇರಿಸುವುದು, ಬದುವಿನ ಮೇಲೆ ಗ್ಲಿರಿಸಿಡಿಯಾ. ಮಾತು ಹನ್ನೊಂದಾದರೂ ಮುಗಿಯಲಿಲ್ಲ. ಯಾರೂ ದನಿ ಏರಿಸಲಿಲ್ಲ, ಯಾರೂ ಒಪ್ಪಲೂ ಇಲ್ಲ. ನನಗೆ ಆ ಹುಡುಗನ ಮೇಲೆ ಬಹಳ ಗೌರವ ಬಂತು.

ತೀರ್ಥಹಳ್ಳಿಯ ಹತ್ತಿರದ ಅಡಿಕೆ ತೋಟದ ಯಜಮಾನರಿಗೆ ಎಂಬತ್ತು ದಾಟಿದೆ. ಕೃಷಿ ಪ್ರಯೋಗ ಪರಿವಾರ ಎಂಬ ಕೃಷಿಕರ ಸಂಘಟನೆ ಬೆಳೆದ ಸೀಮೆ ಅದು, ಪ್ರಯೋಗ ಎಂಬ ಮಾತು ಅಲ್ಲಿನ ಕೃಷಿಕರ ನಾಲಗೆಯಲ್ಲಿ ಸಹಜವಾಗಿ ಆಡುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಜಗಲಿಯಲ್ಲಿ ಸುಲಿಯುವವರ ಸಾಲು ಕೂತಿತ್ತು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಕೊಟ್ಟಿಗೆಯ ಹಾಸು ಗೊಬ್ಬರವಾಗಿ, ಗೊಬ್ಬರ ಮರದ ಬುಡಕ್ಕೆ ಬರುವ ದಾರಿಯನ್ನು ಅವರು ನಡೆಸಿಕೊಂಡೇ ತೋರಿಸಿದರು. ನಾನು ಔಷಧಿಯ ಮಾತೆತ್ತಿದೆ. ಅವರು ಮುಚ್ಚಿಡಲಿಲ್ಲ. "ಕೊಳೆರೋಗಕ್ಕೆ ಬೋರ್ಡೊ ಹೊಡೀತೀವಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹಿಂದೆ ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದೆವು. ಈಗ ಮರ ಹತ್ತೋರೆ ಇಲ್ಲ ಮಾರಾಯ್ರೆ. ಸಾವಯವದ ನಿಯಮ ತಾಮ್ರವನ್ನು ಮಿತಿಯಲ್ಲಿ ಒಪ್ಪುತ್ತೆ, ನನ್ನ ಮನಸ್ಸು ಪೂರ್ತಿ ಒಪ್ಪೋದಿಲ್ಲ" ಎಂದರು. ಮಾತಾಡುತ್ತ ತೋಟದ ಅಂಚಿಗೆ ಬಂದೆವು. ಮುಂದೆ ಇನ್ನೂ ಒಂದು ತೋಟ, ಗಿಡಗಳು ಎಳೆಯವು. ಅದು ಅವರ ಭತ್ತದ ಗದ್ದೆಯಾಗಿತ್ತಂತೆ. ಮಗ ಅಡಿಕೆ ನೆಟ್ಟಿದ್ದಾನೆ. "ಗದ್ದೆ ಇದ್ದಾಗ ಅಕ್ಕಿ ಕೊಂಡು ಉಂಡದ್ದಿಲ್ಲ. ಈಗ ಅಡಿಕೆ ಮಾರಿ ಅಕ್ಕಿ ತರ್ತೀವಿ. ಆ ಅಕ್ಕಿಗೆ ಏನು ಹಾಕಿದಾರೆ ಅಂತ ನಾನು ಯಾರನ್ನ ಕೇಳಲಿ?" ಅವರ ದನಿ ಸಣ್ಣದಾಯಿತು. ನನ್ನ ಹೂಕೋಸಿನ ಸಂಕಟವೇ ಅಲ್ಲಿ, ಬೆಳೆಯುವವರ ಮನೆಯೊಳಗೇ ಬಂದು ಕೂತಿತ್ತು.

ಭತ್ತದ ವಿಷಯ ನನಗೂ ಹತ್ತಿರದ್ದು. ಕೃಷ್ಣರಾಜನಗರದ ಕಡೆಯ ನಮ್ಮೂರಿನಲ್ಲಿ ರತ್ನಚೂಡಿ ಬೆಳೆಯುತ್ತಿದ್ದರು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಸಾವಿರಕ್ಕೂ ಮಿಕ್ಕ ಭತ್ತದ ತಳಿಗಳನ್ನು, ಜೊತೆಗೆ ಹಳೆಯ ತೋಪಿನ ನೂರಕ್ಕೂ ಹೆಚ್ಚು ಬಗೆಯ ಮಾವನ್ನು ಉಳಿಸಿಕೊಂಡು ಬಂದಿದ್ದಾರೆ. ಯಜಮಾನರಿಗೆ ಇದನ್ನು ಹೇಳಿದೆ. "ಒಂದು ಮುಷ್ಟಿ ಬೀಜ ಸಿಕ್ಕಿದರೆ ತುಳಸಿಕಟ್ಟೆಯ ಪಕ್ಕದಲ್ಲಾದರೂ ಹಾಕ್ತೇನೆ" ಎಂದರು. ಮನೆಯಾಕೆ ಒಂದೆಲಗದ ತಂಬುಳಿ ಬಡಿಸಿದರು, ಮೂರು ಸಲ ಹಾಕಿಸಿಕೊಂಡೆ. ಮೊಸರಿನದೇ ತಂಬುಳಿ. ಹಾಕಿಸಿಕೊಳ್ಳುವಾಗ ತಿಪಟೂರಿನ ಕೊಟ್ಟಿಗೆ ನೆನಪಿಗೆ ಬರದೆ ಇರಲಿಲ್ಲ.

ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿದು, ಹೆಬ್ರಿ ದಾಟಿ, ಬ್ರಹ್ಮಾವರದ ಕಡೆಗೆ ಹೋಗುವ ದಾರಿಯಲ್ಲಿ ಚೇರ್ಕಾಡಿ. ಗಾಂಧಿವಾದಿ ರಾಮಚಂದ್ರ ರಾಯರು ಉಳುಮೆಯಿಲ್ಲದೆ ಭತ್ತ ಬೆಳೆದು, ತಾವೇ ನೂತ ನೂಲಿನ ಬಟ್ಟೆ ಉಟ್ಟು ಬದುಕಿದ ಊರು. ರಸ್ತೆ ಬದಿಗೆ ಕಾರು ನಿಲ್ಲಿಸಿ ಇಬ್ಬರೂ ಸ್ವಲ್ಪ ದೂರ ಸುಮ್ಮನೆ ನಡೆದೆವು. ಉಳುಮೆ ಬೇಡವೆಂದ ಫುಕುವೊಕಾರ ಪುಸ್ತಕ ಜಪಾನಿನಲ್ಲಿ ಅಚ್ಚಾದದ್ದು 1975ರಲ್ಲಿ. ಶಿಕೊಕು ದ್ವೀಪದ ಒಂದು ಗದ್ದೆಯ ಮಾತೂ ಈ ಕರಾವಳಿಯ ಮೂಲೆಯ ಒಬ್ಬ ಗಾಂಧಿವಾದಿಯ ಬದುಕೂ ಒಂದನ್ನೊಂದು ಹೋಲುತ್ತವಲ್ಲ ಎಂದು ನೆನೆದರೆ ಮೈ ನವಿರೇಳುತ್ತದೆ.

ಕಟಪಾಡಿಯ ಹತ್ತಿರದ ಮಟ್ಟುವಿನಲ್ಲಿ ಗುಳ್ಳ ಬದನೆಯ ಹೊಸ ಕಾಯಿ ಆಗಷ್ಟೇ ಬರುತ್ತಿತ್ತು. ಮಳೆಗಾಲದ ಭತ್ತ ಮುಗಿದ ಗದ್ದೆಯಲ್ಲೇ ಗುಳ್ಳ ನೆಡುತ್ತಾರೆ. ಯತಿ ವಾದಿರಾಜರು ಕೊಟ್ಟ ಬೀಜ ಎಂಬುದು ಊರಿನ ನಂಬಿಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಹಿಂದಿನ ವರ್ಷದ ಫೆಬ್ರವರಿಯಲ್ಲಿ, ಊರೂರಿನಲ್ಲಿ ಜನರ ಅಹವಾಲು ಕೇಳಿದ ಮೇಲೆ, ಕೇಂದ್ರ ಸರ್ಕಾರ ಬಿಟಿ ಬದನೆಯನ್ನು ತಡೆಹಿಡಿದಿತ್ತು. ಬದನೆಗೆ ಕಾಯಿಕೊರಕದ ಕಾಟ ಹೇಳತೀರದು. ಅದನ್ನು ತಡೆಯಲೆಂದೇ ವಾರಕ್ಕೊಮ್ಮೆ ಔಷಧಿ ಹೊಡೆಯುವವರಿದ್ದಾರೆ, ಗಿಡದ ಒಳಗೇ ವಿಷ ಇಡುವ ಯೋಚನೆಯೂ ಅದಕ್ಕಾಗಿಯೇ ಹುಟ್ಟಿತು. ನಾವು ಕಂಡ ಕೃಷಿಕರು ಬೇವಿನ ಕಷಾಯ ಸಿಂಪಡಿಸಿ, ಬಾಡಿದ ಕುಡಿಯನ್ನು ದಿನವೂ ಚಿವುಟಿ ತೆಗೆಯುತ್ತಿದ್ದರು. "ಆದರೂ ನೂರರಲ್ಲಿ ಹತ್ತು ಕಾಯಿ ಹುಳಕ್ಕೆ ಹೋಗ್ತದೆ. ಅಂಗಡಿಯವರು ತೂತಿದ್ದದ್ದು ತೆಗೊಳ್ಳುದಿಲ್ಲ" ಎಂದರು. ತೂತಿದ್ದವುಗಳೇ ನಮಗಿರಲಿ ಎಂದು ಗೆಳತಿ ಒಂದು ಚೀಲ ಆರಿಸಿಕೊಂಡಳು. ಅವರು ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ, ನಾವು ಕೊಡದೆ ಬರಲಿಲ್ಲ.

ಉಡುಪಿಯಲ್ಲಿ ಉಳಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಎಂಬತ್ತನಾಲ್ಕು, ಮೈಸೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಏನು ಉಂಡಿರಿ, ಎಲ್ಲಿ ಮಲಗಿದಿರಿ, ನೀರು ಹೇಗಿತ್ತು, ಎಲ್ಲ ಕೇಳಿದಳು. ಹೇಳಿದೆ. ಗಂಡುಕರುವಿನ ಮಾತನ್ನೂ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಮ್ಮ ಗೌರಿ ಎರಡನೇ ಸೂಲಿಗೆ ಗಂಡು ಹಾಕಿದ್ಲು. ಎರಡು ವರ್ಷ ಸಾಕಿ ನಿಮ್ಮ ತಾತ ಚುಂಚನಕಟ್ಟೆ ಜಾತ್ರೆಗೆ ಹೊಡ್ಕೊಂಡು ಹೋದರು. ಹೊಲ ಉಳೋಕೆ ಅಂತ ಒಬ್ಬ ರೈತ ಕೊಂಡ. ಹಾಗಿದ್ದೂ ತಾತ ಮನೆಗೆ ಬಂದು ಮೂರು ದಿನ ಮೊಸರು ಮುಟ್ಟಲಿಲ್ಲ" ಅಂದಳು. ಈ ಸಂಗತಿ ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಅದರ ಹೆಸರು ಸೋಮ. ನೀನು ನೋಡ್ಕೊಂಡು ಬಂದ್ಯಲ್ಲ, ಆ ಕರುಗೆ ಏನು ಹೆಸರಿಟ್ಟಿದಾರೆ?" ಎಂದು ಕೇಳಿದಳು.

ಅದನ್ನೂ ನಾನು ಕೇಳಿರಲಿಲ್ಲ. ಹೊತ್ತಾಗಿದೆ, ಹಳ್ಳಿಯವರು ಬೇಗ ಮಲಗುತ್ತಾರೆ ಎಂದು ಅನುಮಾನಿಸಿದೆ. ಆದರೂ ತಿಪಟೂರಿಗೆ ಫೋನ್ ಹಚ್ಚಿದೆ. ಆ ತಾಯಿಯೇ ಎತ್ತಿದರು. ಊರು ಸೇರಿದ್ರಾ ಎಂದು ವಿಚಾರಿಸಿದರು. ಕರುವಿನ ಹೆಸರೇನು ಎಂದು ಕೇಳಿದೆ.

"ಯಾವುದ್ರುದಮ್ಮ," ಅಂದರು, "ಕರೀದ್ರುದಾ, ಕೆಂದುಂದಾ?"